ಎಣಿಸದೆ ಕುಣಿದ ಸಂಜೆ

ಸ್ವಿಂಗ್ ಅನ್ನೋ ಜಾಝ್ ಸಂಗೀತಕ್ಕೆ ಜೋಡಿಯಾಗಿ ಕುಣಿಯೋ ಲಿಂಡಿ ಹಾಪ್ ಕಲಿಯೋಕೆ ಶುರು ಮಾಡಿ ಮೂರು ತಿಂಗಳಾಗಿತ್ತು. ಹೆಜ್ಜೆ ತಪ್ಪುತ್ತಿರಲಿಲ್ಲ. ಆದರೆ ಕುಣಿತ ಬರುತ್ತಿರಲಿಲ್ಲ.

ಕಾರಣ ಗೊತ್ತಿತ್ತು. ಮೈಸೂರಿನಲ್ಲಿ ಎಂಟು ವರ್ಷ ಭರತನಾಟ್ಯ ಕಲಿತವಳು ನಾನು. ಆದಿತಾಳದಲ್ಲಿ ಎಂಟು ಎಣಿಕೆ, ಲಿಂಡಿ ಹಾಪ್‌ನ ಮುಖ್ಯ ಹೆಜ್ಜೆ ಸ್ವಿಂಗ್‌ಔಟ್‌ನಲ್ಲೂ ಎಂಟು. ಆದರೆ ನನ್ನ ಕೈ ಸುಮ್ನೆ ಒಂದರ ಮೇಲೆ ಬೀಳುತ್ತೆ. ಸ್ವಿಂಗ್ ಸಂಗೀತಕ್ಕೆ ಚಪ್ಪಾಳೆ ಬೀಳೋದು ಎರಡು ಮತ್ತು ನಾಲ್ಕರ ಮೇಲೆ.

ಅವತ್ತು ಶನಿವಾರ. ಸಂಜೆ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಕುಣಿತವಿತ್ತು. ನ್ಯೂಜೆರ್ಸಿಯಿಂದ ಬೇಗ ಹೊರಟು 135ನೇ ಬೀದಿಯ ಸ್ಟೇಷನ್‌ನಲ್ಲಿ ಇಳಿದೆ. ಲೆನಾಕ್ಸ್ ಅವೆನ್ಯೂ ಹಿಡಿದು ನಡೆದೆ. 140 ಮತ್ತು 141ನೇ ಬೀದಿಗಳ ನಡುವೆ ಸವಾಯ್ ಬಾಲ್‌ರೂಂ ಅನ್ನೋ ಹೆಸರಾಂತ ನೃತ್ಯಶಾಲೆ ಇದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳಿವೆ. ನೆನಪಿಗೆ ಒಂದು ಫಲಕ, ಅಷ್ಟೇ. 2002ರಲ್ಲಿ ಸವಾಯ್‌ನಲ್ಲೇ ಕುಣಿದು ಹೆಸರಾದ ಫ್ರ್ಯಾಂಕಿ ಮ್ಯಾನಿಂಗ್ ಮತ್ತು ನಾರ್ಮಾ ಮಿಲ್ಲರ್ ಅದನ್ನು ಅನಾವರಣ ಮಾಡಿದರು.

1926ರಲ್ಲಿ ತೆರೆದ ಸವಾಯ್ 1958ರಲ್ಲಿ ಮುಚ್ಚಿತು. ಅಲ್ಲಿ ಕಪ್ಪು ಜನ, ಬಿಳಿ ಜನ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಆಗ ಹತ್ತಿರದಲ್ಲೇ, 142ನೇ ಬೀದಿಯಲ್ಲಿ ಕಾಟನ್ ಕ್ಲಬ್ ಇತ್ತು. ಅಲ್ಲಿ ವೇದಿಕೆ ಮೇಲೆ ಕಪ್ಪು ಕಲಾವಿದರು, ಕೂತು ನೋಡೋಕೆ ಬಿಳಿಯರು ಮಾತ್ರ. ಎರಡರ ನಡುವೆ ನಾಲ್ಕು ನಿಮಿಷದ ನಡಿಗೆಯೂ ಇಲ್ಲ. ಆ ದೂರವನ್ನು ನಡೆದು ನೋಡಿದೆ. ಎದೆ ಭಾರವಾಯಿತು.

ಸಂಜೆ ಹಿರಿಯ ಕಪ್ಪು ಮನುಷ್ಯರೊಬ್ಬರು ನನ್ನ ಜೊತೆ ಕುಣಿಯೋಕೆ ಬಂದರು. ಮೊದಲ ಹಾಡಿನ ಅರ್ಧಕ್ಕೇ ಅವರಿಗೆ ಗೊತ್ತಾಗಿಬಿಟ್ಟಿತು.

"ನಿಮ್ಮ ತುಟಿ ಅಲ್ಲಾಡ್ತಿದೆ. ಎಣಿಸ್ತಿದ್ದೀರಿ ಅಲ್ವಾ? ಬಿಡಿ. ನನ್ನ ಕೈ ಏನು ಹೇಳುತ್ತೆ, ಕೇಳಿ."

ಅವರ ಅಂಗೈ ನನ್ನ ಬೆನ್ನಿನ ಮೇಲೆ, ಭುಜದ ಮೂಳೆಯ ಕೆಳಗಿತ್ತು. ಎಳೆಯುತ್ತಿರಲಿಲ್ಲ, ತಳ್ಳುತ್ತಿರಲಿಲ್ಲ. ಸೊಂಟ ಬಗ್ಗಿಸಿ, ಮಂಡಿ ಸಡಿಲ ಬಿಟ್ಟು, ನೆಲಕ್ಕೆ ಹತ್ತಿರವಾಗಿ ಕುಣಿಯುತ್ತಿದ್ದರು. ಹಾಡು ಮುಗಿದ ಮೇಲೆ ಕೇಳಿದೆ, ಯಾರ ಹತ್ತಿರ ಕಲಿತಿರಿ?

"ಫ್ರ್ಯಾಂಕಿ ಹತ್ತಿರ."

ನನಗೆ ಮಾತು ಹೊರಡಲಿಲ್ಲ. 1935ರಲ್ಲಿ ಸವಾಯ್‌ನ ಸ್ಪರ್ಧೆಯಲ್ಲಿ ಜೊತೆಗಾತಿ ಫ್ರೀಡಾ ವಾಷಿಂಗ್ಟನ್ ಅವರನ್ನು ಬೆನ್ನ ಮೇಲಿಂದ ಗಾಳಿಯಲ್ಲಿ ಮಗುಚಿ ನಿಲ್ಲಿಸಿದ ಫ್ರ್ಯಾಂಕಿ! ರಾಕ್ ಅಂಡ್ ರೋಲ್ ಬಂದು ಸ್ವಿಂಗ್ ಮೂಲೆ ಸೇರಿದಾಗ ಅವರು ಅಂಚೆ ಇಲಾಖೆ ಸೇರಿದರು. ಸುಮಾರು ಮೂವತ್ತು ವರ್ಷ ಅಲ್ಲೇ ದುಡಿದರು. 80ರ ದಶಕದಲ್ಲಿ ಕ್ಯಾಲಿಫೋರ್ನಿಯಾದಿಂದ, ಸ್ವೀಡನ್‌ನಿಂದ ಹುಡುಗರು ಹುಡುಕಿಕೊಂಡು ಬಂದರು. ಎಪ್ಪತ್ತು ದಾಟಿದ ಮನುಷ್ಯ ಮತ್ತೆ ಕಲಿಸೋಕೆ ನಿಂತರು. ಆ ಕೈ ಹೇಳಿಕೊಟ್ಟಿದ್ದು ಈಗ ನನ್ನ ಬೆನ್ನಿಗೆ ತಲುಪುತ್ತಿತ್ತು.

ಇನ್ನೊಂದು ಹಾಡು ಶುರುವಾಯಿತು. ಹತ್ತಿರ ಬಂದೆ, ಸುತ್ತಿದೆ. ಬೆನ್ನಿನ ಮೇಲಿನ ಕೈ ಸಡಿಲವಾಯಿತು, ಹೊರಗೆ ಜಾರಿದೆ. ನಮ್ಮಿಬ್ಬರ ಕೈ ಚಾಚಿ ನಿಂತಾಗ ಡ್ರಮ್‌ನ ಏಟು ಸರಿಯಾಗಿ ಕಾಲಿಗೆ ಸಿಕ್ಕಿತು. ಅದು ಎಷ್ಟನೇ ಏಟು ಅಂತ ನಾನು ನೋಡಿರಲಿಲ್ಲ.