ಸಮುದ್ರದಂಚಿನ ಒಂದು ಫ್ರೆಂಚ್ ಊಟಕ್ಕೆ ಜಾಗ ಹುಡುಕುತ್ತಾ

ಬರುವ ಜೂನ್ ತಿಂಗಳಲ್ಲಿ ಅತ್ತೆ ಮಾವನವರ ಮದುವೆಗೆ 50 ವರ್ಷ ತುಂಬುತ್ತದೆ. ಆ ಹೊತ್ತಿಗೆ ಮನೆಮಂದಿಯೆಲ್ಲ ಫ್ರಾನ್ಸಿನಲ್ಲಿರುತ್ತೇವೆ. ಆ ರಾತ್ರಿಯ ಊಟಕ್ಕೆ ಸಮುದ್ರ ತೀರದ ಒಂದು ಒಳ್ಳೆಯ ಸಾಂಪ್ರದಾಯಿಕ ಫ್ರೆಂಚ್ ರೆಸ್ಟೋರೆಂಟ್ ಹುಡುಕುವ ಹೊಣೆ ನನ್ನ ಮೇಲೆ ಬಿದ್ದಿದೆ. ಮಾವನವರು ಹಾಕಿದ್ದು ಎರಡೇ ಷರತ್ತು: ಕುಳಿತಲ್ಲಿಂದ ಸಮುದ್ರ ಕಾಣಬೇಕು, ಮೀನು ಮೀನಿನ ರೂಪದಲ್ಲೇ ಮೇಜಿಗೆ ಬರಬೇಕು. ಮೇಲುನೋಟಕ್ಕೆ ಸರಳವಾಗಿ ಕಾಣುವ ಈ ಎರಡು ಮಾತುಗಳು ನನ್ನ ಮೊದಲ ಪಟ್ಟಿಯ ಬಹುಪಾಲು ಹೆಸರುಗಳನ್ನು ಹೊಡೆದುಹಾಕಿದವು.

ಪಟ್ಟಿ ಶುರುವಾದದ್ದು ಎಲ್ಲರಂತೆ ಮಿಶೆಲಿನ್ ನಕ್ಷತ್ರಗಳಿಂದ. ಟಯರ್ ತಯಾರಿಸುತ್ತಿದ್ದ ಮಿಶೆಲಿನ್ ಸಹೋದರರು ಮೋಟಾರು ಪ್ರಯಾಣಿಕರಿಗೆಂದು 1900ರಲ್ಲಿ ಹೊರತಂದ ಕೈಪಿಡಿಯಲ್ಲಿ ನಕ್ಷತ್ರ ಮೊದಲು ಕಾಣಿಸಿಕೊಂಡದ್ದು 1926ರಲ್ಲಿ. ಎರಡು ಮತ್ತು ಮೂರು ನಕ್ಷತ್ರಗಳ ಶ್ರೇಣಿ ಬಂದದ್ದು 1931ರಲ್ಲಿ. ಎರಡಿದ್ದರೆ ದಾರಿ ಬಳಸಿಯಾದರೂ ಹೋಗಬಹುದು, ಮೂರಿದ್ದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದು ಎಂಬುದು ಅದರ ಅರ್ಥ. ಆದರೆ ನಕ್ಷತ್ರ ಕೊಡುವಾಗ ಪರಿವೀಕ್ಷಕರು ಅಳೆಯುವುದು ತಟ್ಟೆಯಲ್ಲಿರುವ ಅಡುಗೆಯನ್ನು ಮಾತ್ರ. ಕಿಟಕಿಯಾಚೆಗೆ ಏನಿದೆ, ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬೇಕು, ಊಟದ ನಡುವೆ ನೆಮ್ಮದಿಯಾಗಿ ಮಾತಾಡಲು ಆದೀತೇ ಎಂಬುದೊಂದೂ ಆ ಲೆಕ್ಕದಲ್ಲಿ ಬರುವುದಿಲ್ಲ. ನಮ್ಮ ಸಂದರ್ಭದಲ್ಲಿ ಅವೇ ಮುಖ್ಯ.

ಫ್ರಾನ್ಸಿನ ಕರಾವಳಿಯಲ್ಲಿ ಮೂರು ನಕ್ಷತ್ರದ ಅಡುಗೆಮನೆಗಳಿಗೆ ಕೊರತೆಯಿಲ್ಲ. ಮಾಂತೋನಿನಲ್ಲಿ ಮಾವ್ರೊ ಕೊಲಾಗ್ರೆಕೊ ಅವರ ಮಿರಾಜುರ್, ಮಾರ್ಸೇಯ್‌ನಲ್ಲಿ ಜೆರಾಲ್ಡ್ ಪಸೆದಾ ಅವರ ಲ ಪೆತಿ ನೀಸ್, ನ್ವಾರ್ಮೂತಿಯೇ ದ್ವೀಪದಲ್ಲಿ ಅಲೆಕ್ಸಾಂದ್ರ್ ಕುಯೋಂ ಅವರ ಲಾ ಮರೀನ್, ಲಾ ರೋಶೆಲ್‌ನ ಕಡಲ ದಂಡೆಯಲ್ಲಿ ಕ್ರಿಸ್ತೋಫರ್ ಕೂತಾಂಸೋ ಅವರ ರೆಸ್ಟೋರೆಂಟ್. ಕೂತಾಂಸೋ 2023ರಲ್ಲಿ ಮೂರನೆಯ ನಕ್ಷತ್ರ ಕಳೆದುಕೊಂಡು 2025ರಲ್ಲಿ ಅದನ್ನು ಮರಳಿ ಪಡೆದರು. ಅದೇ ವರ್ಷ ಕಾಂಕಾಲ್ ಬಳಿಯ ಲ ಕೊಕಿಯಾಜ್‌ಗೆ ಮೂರನೆಯದು ದೊರೆಯಿತು; ಅದನ್ನು ನಡೆಸುವ ಯುಗೋ ರೊಲಾಂಜೆ ಅವರ ತಂದೆ ಒಲಿವಿಯೇ 2006ರಲ್ಲಿ ಮೂರು ನಕ್ಷತ್ರ ಪಡೆದು, ಎರಡು ವರ್ಷಗಳಲ್ಲೇ ಅವನ್ನು ಹಿಂತಿರುಗಿಸಿದ್ದರು. ತಂದೆ ಬೇಡವೆಂದದ್ದನ್ನು ಮಗ ಗಳಿಸಿದ ಈ ಕಥೆ ನನಗೆ ಇಷ್ಟವಾಯಿತಾದರೂ, ಊಟದ ಆಯ್ಕೆಗೆ ಅದು ಕಾರಣವಾಗಲಾರದು.

ಇವೆಲ್ಲ ದೊಡ್ಡ ಅಡುಗೆಮನೆಗಳೇ. ಆದರೆ ಇವುಗಳ ದಾರಿ ಸಾಂಪ್ರದಾಯಿಕವಲ್ಲ. ಮಿರಾಜುರ್ ಚಂದ್ರನ ಗತಿಗೆ ತಕ್ಕಂತೆ ಬೇರು, ಎಲೆ, ಹೂವು, ಹಣ್ಣು ಎಂದು ತನ್ನ ಊಟವನ್ನೇ ಬದಲಿಸುತ್ತದೆ. ಪಸೆದಾ ಅವರ ಕೈಯಲ್ಲಿ ಬುಯಾಬೆಸ್ ಎಂಬ ಮೀನುಗಾರರ ಸಾರು ಹಲವು ಹಂತಗಳಲ್ಲಿ ಒಂದೊಂದಾಗಿ ಬರುವ ಔತಣವಾಗಿದೆ. ಇಂಥ ಕಡೆ ಬಾಣಸಿಗ ನಿರ್ಧರಿಸಿದ ಸಣ್ಣ ಸಣ್ಣ ತಟ್ಟೆಗಳು ಸಾಲಾಗಿ ಬರುತ್ತವೆ, ಪ್ರತಿಯೊಂದಕ್ಕೂ ವಿವರಣೆಯಿರುತ್ತದೆ, ಊಟ ಮೂರು ಗಂಟೆಗೂ ಮಿಕ್ಕಿ ನಡೆಯುತ್ತದೆ. ಅಡುಗೆಯನ್ನೇ ಕೇಂದ್ರವಾಗಿಟ್ಟುಕೊಂಡು ಹೋಗುವವರಿಗೆ ಅದಕ್ಕಿಂತ ದೊಡ್ಡ ಸುಖವಿಲ್ಲ. ಐವತ್ತು ವರ್ಷದ ದಾಂಪತ್ಯವನ್ನು ಕೇಂದ್ರವಾಗಿಟ್ಟುಕೊಂಡವರಿಗೆ, ಮಾವನವರು ಹಳೆಯ ಕಥೆಯೊಂದನ್ನು ಅರ್ಧಕ್ಕೆ ತಂದಾಗಲೆಲ್ಲ ಯಾರೋ ಬಂದು ಪಾಚಿಯ ಗುಣ ವಿವರಿಸುವುದು ಅಷ್ಟೇನೂ ಹಿತವಲ್ಲ.

ಆದ್ದರಿಂದ ನಾನು ಹುಡುಕಿದ್ದು ಹಳೆಯ ಪದ್ಧತಿಯ ಭೋಜನಶಾಲೆ. ಅಲ್ಲಿ ನಿಗದಿತ ಬೆಲೆಯ ಊಟದ ಜೊತೆಗೆ, ಒಬ್ಬೊಬ್ಬರೂ ತಮಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದಾದ ಪಟ್ಟಿಯೂ ಇರುತ್ತದೆ. ಸೋಲ್ ಮೀನನ್ನು ಹಿಟ್ಟಿನಲ್ಲಿ ಹೊರಳಿಸಿ, ಬೆಣ್ಣೆಯಲ್ಲಿ ಹುರಿದು, ನಿಂಬೆರಸ ಹಿಂಡಿ ಇಡಿಯಾಗಿ ತರುತ್ತಾರೆ. ಗಾಲಿಯಿರುವ ಪುಟ್ಟ ಮೇಜನ್ನು ನಿಮ್ಮ ಪಕ್ಕಕ್ಕೆ ತಳ್ಳಿಕೊಂಡು ಬಂದು, ಎರಡು ಚಮಚಗಳಲ್ಲೇ ಬೆನ್ನುಮೂಳೆಯಿಂದ ನಾಲ್ಕು ತುಂಡು ಬಿಡಿಸಿ ತಟ್ಟೆಗೆ ಜೋಡಿಸುತ್ತಾರೆ. ದೊಡ್ಡ ಟರ್ಬೊ ಮೀನಾದರೆ ಇಬ್ಬರಿಗೋ ನಾಲ್ವರಿಗೋ ಸೇರಿ ಒಂದು, ಪಕ್ಕದಲ್ಲಿ ಬೆಣ್ಣೆಯಿಂದ ಮಾಡಿದ ಹೊಲಾಂಡೇಸ್ ಅಥವಾ ಬರ್ ಬ್ಲಾಂ ಸಾಸ್. ಇಂಥ ಸಾಸ್‌ಗಳನ್ನು ವರ್ಗೀಕರಿಸಿ, ಅಡುಗೆಮನೆಯ ಕೆಲಸಕ್ಕೊಂದು ಶಿಸ್ತು ತಂದ ಒಗುಸ್ತ್ ಎಸ್ಕೋಫಿಯೇ (1846–1935) ಹುಟ್ಟಿದ್ದೂ ನೀಸ್ ಬಳಿಯ ವಿಲ್‌ನವ್ ಲುಬೆ ಎಂಬ ಕರಾವಳಿ ಊರಿನಲ್ಲೇ. ಮೀನು ಬಿಡಿಸುವ ಆ ಕೈಚಳಕ ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ ಎಂಬುದು ನನ್ನ ಅನಿಸಿಕೆ. ಹಾಗಾಗಿ ವಿಚಾರಿಸುವಾಗ ನಾನು ಮೊದಲು ಕೇಳಿದ ಪ್ರಶ್ನೆಯೂ ಅದೇ: ಮೀನನ್ನು ಮೇಜಿನ ಬಳಿಯೇ ಬಿಡಿಸಿ ಕೊಡುತ್ತೀರಾ? ಇದಕ್ಕೆ ಬರುವ ಉತ್ತರದಿಂದ ಆ ಜಾಗದ ಸ್ವಭಾವ ಅರ್ಧದಷ್ಟು ತಿಳಿದುಹೋಗುತ್ತದೆ.

ಇನ್ನು ಸಮುದ್ರ ಕಾಣುವ ಮಾತು. ‘ಸಮುದ್ರ ನೋಟ’ ಎಂದು ಬರೆದುಕೊಂಡ ಮಾತ್ರಕ್ಕೆ ಊಟದ ಹೊತ್ತಿನಲ್ಲಿ ಸಮುದ್ರ ಕಾಣುತ್ತದೆಂದು ತಿಳಿಯಬಾರದು. ವಾಯವ್ಯ ಫ್ರಾನ್ಸಿನ ಮಾಂ ಸಾಂ ಮಿಶೆಲ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ದೊಡ್ಡ ಉಬ್ಬರದ ದಿನಗಳಲ್ಲಿ ಸುಮಾರು 14 ಮೀಟರ್‌ವರೆಗೆ ಹೋಗುತ್ತದೆ. ಇಳಿತದಲ್ಲಿ ನೀರು ಕಿಲೋಮೀಟರುಗಟ್ಟಲೆ ಹಿಂದೆ ಸರಿದು, ಕಿಟಕಿಯ ಮುಂದೆ ಉಳಿಯುವುದು ಕೆಸರು ಮತ್ತು ಸಿಂಪಿ ಬೆಳೆಸುವ ಚೌಕಟ್ಟುಗಳು. ಅದಕ್ಕೂ ಅದರದೇ ಚೆಲುವಿದೆ, ಆದರೆ ಅದಕ್ಕಾಗಿ ಅಷ್ಟು ದೂರ ಹೋಗುವವರು ವಿರಳ. ಪರಿಹಾರ ಕಷ್ಟದ್ದಲ್ಲ. ಆಯಾ ಬಂದರಿನ ಉಬ್ಬರ ಇಳಿತದ ವೇಳಾಪಟ್ಟಿ ಮೊದಲೇ ಸಿಗುತ್ತದೆ. ಅದರಲ್ಲಿ ಗಂಟೆಯ ಜೊತೆಗೆ 20ರಿಂದ 120ರವರೆಗಿನ ಒಂದು ಅಂಕಿಯೂ ಇರುತ್ತದೆ, ಅಂಕಿ ಹೆಚ್ಚಿದಷ್ಟೂ ನೀರಿನ ಏರಿಳಿತ ದೊಡ್ಡದು. ಅದೇ ಕಡೆಯ ಸಾಂ ಮಾಲೋ ಬಂದರಿನ ಸುತ್ತಮುತ್ತ ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರವು ಬೇಸಿಗೆಯ ಗಡಿಯಾರದಂತೆ ರಾತ್ರಿ ಎಂಟು ಒಂಬತ್ತರ ಸುಮಾರಿಗೆ, ಅಂದರೆ ಸರಿಯಾಗಿ ಊಟದ ಸಮಯಕ್ಕೆ ಬರುತ್ತದೆ. ವಾರ ಕಳೆದರೆ ಅದೇ ಹೊತ್ತಿಗೆ ಇಳಿತ. ನಮ್ಮ ದಿನ ಹುಣ್ಣಿಮೆಯ ಮರುದಿನಕ್ಕೆ ಬಿದ್ದಿದೆ. ಪಂಚಾಂಗ ನೋಡಿ ರೆಸ್ಟೋರೆಂಟ್ ಆರಿಸಿದವರು ಹೆಚ್ಚು ಮಂದಿ ಇರಲಾರರು ಎಂದು ಅತ್ತೆ ನಕ್ಕರು.

ಸೂರ್ಯನ ವಿಷಯವೂ ಹೀಗೆಯೇ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ನೀರು ಎಲ್ಲಿಗೂ ಹೋಗುವುದಿಲ್ಲ. ಆದರೆ ನೀಸ್, ಕಾನ್ ಕಡೆಯ ತೀರ ಬಹುಮಟ್ಟಿಗೆ ದಕ್ಷಿಣಕ್ಕೆ ಮುಖ ಮಾಡಿದ್ದು, ಬೇಸಿಗೆಯಲ್ಲಿ ಸೂರ್ಯ ಮುಳುಗುವುದು ನೆಲದ ಬೆಟ್ಟಗಳ ಹಿಂದೆ. ಸೂರ್ಯಾಸ್ತ ನೀರಿನ ಮೇಲೆಯೇ ಬೇಕೆಂದರೆ ಅಟ್ಲಾಂಟಿಕ್ ಕಡೆಗೆ ಹೋಗಬೇಕು. ಬಿಯಾರಿಟ್ಸ್‌ನಲ್ಲಿ, ಮೂರನೆಯ ನೆಪೋಲಿಯನ್ ಸಾಮ್ರಾಜ್ಞಿ ಯೂಜೆನಿಗೆಂದು 1850ರ ದಶಕದಲ್ಲಿ ಕಟ್ಟಿಸಿದ ಬಂಗಲೆಯ ಜಾಗದಲ್ಲಿರುವ ಒತೆಲ್ ದ್ಯು ಪಲೆ ಹೋಟೆಲಿನ ಅರ್ಧವೃತ್ತಾಕಾರದ ಭೋಜನಶಾಲೆ ನೇರವಾಗಿ ಸಾಗರಕ್ಕೇ ತೆರೆದುಕೊಂಡಿದೆ. ವೈಭವವೇ ಮುಖ್ಯವೆನ್ನುವವರಿಗೆ ನಾನು ಅದನ್ನೇ ಹೇಳುತ್ತೇನೆ. ಸಾಂ ಮಾಲೋ ಇರುವ ಬ್ರಿಟನಿ ಪ್ರಾಂತ್ಯದ ಉತ್ತರ ತೀರದಲ್ಲಿ ಜೂನ್ ಕೊನೆಯ ವೇಳೆಗೆ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಹಾಗಾಗಿ ಎಂಟಕ್ಕೆ ಕುಳಿತವರಿಗೆ ಊಟದುದ್ದಕ್ಕೂ ಬೆಳಕಿರುತ್ತದೆ. ಅದೇ ಊಟವನ್ನು ಡಿಸೆಂಬರಿನಲ್ಲಿ ಇಟ್ಟುಕೊಂಡರೆ, ಎಷ್ಟೇ ಹಣ ಕೊಟ್ಟರೂ ಗಾಜಿನಲ್ಲಿ ಕಾಣುವುದು ನಮ್ಮದೇ ಪ್ರತಿಬಿಂಬ. ಆಗ ಮಧ್ಯಾಹ್ನದ ಊಟವೇ ಮೇಲು, ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಮಾರ್ಸೇಯ್ ಬಗ್ಗೆ ಆಸೆ ಇತ್ತು. ಬುಯಾಬೆಸ್ ಹೆಸರಿನಲ್ಲಿ ಏನೇನೋ ಮಾರಾಟವಾಗುವುದನ್ನು ಕಂಡು, ಅಲ್ಲಿನ ಕೆಲವು ರೆಸ್ಟೋರೆಂಟ್ ಮಾಲೀಕರು 1980ರಲ್ಲಿ ಒಂದು ಒಪ್ಪಂದ ಮಾಡಿಕೊಂಡರು: ಯಾವ ಯಾವ ಮೀನು ಇರಬೇಕು, ಸಾರು ಮತ್ತು ಮೀನು ಬೇರೆ ಬೇರೆಯಾಗಿ ಬರಬೇಕು, ಮೀನನ್ನು ತಿನ್ನುವವರ ಕಣ್ಣೆದುರೇ ಕತ್ತರಿಸಬೇಕು ಎಂದು. ಮಾವನವರ ಎರಡನೆಯ ಷರತ್ತಿಗೆ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಆದರೆ ಬುಯಾಬೆಸ್ ಒಂದೇ ಇಡೀ ಊಟ; ಮೇಜಿನಲ್ಲಿ ಅದನ್ನು ತಿನ್ನದವರಿದ್ದರೆ ಅವರು ಹೊರಗಿನವರಾಗಿಬಿಡುತ್ತಾರೆ. ನಮ್ಮ ಅತ್ತೆ ಸಸ್ಯಾಹಾರಿ.

ಸಾಂಪ್ರದಾಯಿಕ ಫ್ರೆಂಚ್ ಅಡುಗೆಮನೆಯಲ್ಲಿ ಸಸ್ಯಾಹಾರ ಸುಲಭದ ಮಾತಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಒಳಿತು. ತರಕಾರಿಯ ಸೂಪಿಗೂ ಕೋಳಿಯ ಸಾರು, ಬೆಣ್ಣೆಯ ಸಾಸ್‌ಗೂ ಮೀನಿನ ಮೂಳೆಯ ಸಾರು ಬಿದ್ದಿರಬಹುದು. ಮೇಲಿನಿಂದ ನೋಡಿದರೆ ತಿಳಿಯುವುದಿಲ್ಲ. ಕೊಂತೆ, ರೋಕ್‌ಫೋರ್‌ನಂಥ ಹೆಸರಾಂತ ಚೀಸ್‌ಗಳಿಗೆ ಹಾಲು ಒಡೆಯಲು ಬಳಸುವುದು ಪ್ರಾಣಿಗಳ ಹೊಟ್ಟೆಯಿಂದ ತೆಗೆದ ರೆನೆಟ್. ಕೆಲವು ಸಿಹಿತಿನಿಸುಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇರುತ್ತದೆ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿ ಬಿಟ್ಟರೆ ಎದುರಿನವರು ತಮಗೆ ತಿಳಿದಂತೆ ಅರ್ಥ ಮಾಡಿಕೊಳ್ಳುತ್ತಾರೆ. ಮೀನು, ಮಾಂಸ, ಅವುಗಳ ಸಾರು, ಜೆಲಟಿನ್ ಬೇಡ, ಮೊಟ್ಟೆ, ಹಾಲು, ಬೆಣ್ಣೆಗೆ ಅಡ್ಡಿಯಿಲ್ಲ ಎಂದು ಒಂದೊಂದಾಗಿ ಬರೆದು, ಕೆಲವು ದಿನ ಮುಂಚೆಯೇ ತಿಳಿಸಿದರೆ ಒಳ್ಳೆಯ ಅಡುಗೆಮನೆ ಅದನ್ನು ಸವಾಲೆಂದು ತೆಗೆದುಕೊಳ್ಳುತ್ತದೆ. ನನ್ನ ಪಟ್ಟಿಯ ಒಂದು ರೆಸ್ಟೋರೆಂಟಿನಿಂದ ‘ಸಲಾಡ್ ಇದೆ’ ಎಂಬ ಎರಡೇ ಪದದ ಉತ್ತರ ಬಂತು. ಇನ್ನೊಂದು ಕಡೆಯವರು ಬಟಾಣಿ, ಶತಾವರಿ, ಅಣಬೆಗಳನ್ನು ಹೆಸರಿಸಿ, ಅತ್ತೆಯವರಿಗೆ ಯಾವುದು ಇಷ್ಟವೆಂದು ಕೇಳಿ ಬರೆದರು. ನಿರ್ಧಾರವಾದದ್ದು ಬಹುಮಟ್ಟಿಗೆ ಅಲ್ಲಿಯೇ. ಅದು ಸಾಂ ಮಾಲೋ ಕಡೆ, ಪಶ್ಚಿಮದ ನೀರಿಗೆ ಮುಖ ಮಾಡಿದ ಹಳೆಯ ಹೋಟೆಲೊಂದರ ಭೋಜನಶಾಲೆ, ನಕ್ಷತ್ರವಿಲ್ಲ. ಹೆಸರು ಹೇಳುತ್ತಿಲ್ಲ, ಏಕೆಂದರೆ ನಿಮ್ಮ ದಿನ ಬೇರೆ, ನಿಮ್ಮ ಅತ್ತೆಯವರೂ ಬೇರೆ.

ತಿನಿಸುಗಳ ಪಟ್ಟಿಯನ್ನು ಮುಂಚಿತವಾಗಿ ತರಿಸಿಕೊಂಡು ಓದುವುದು ಉಪಯುಕ್ತ. ಮೀನಿನ ರೆಸ್ಟೋರೆಂಟಿನ ಪಟ್ಟಿ ತೀರ ಉದ್ದವಾಗಿದ್ದರೆ ನನಗೆ ಅನುಮಾನ ಬರುತ್ತದೆ. ಆ ದಿನ ದೋಣಿಗೆ ಸಿಕ್ಕಿದ್ದನ್ನು ಅವಲಂಬಿಸಿದೆ ಎಂಬ ಸಾಲು ಕಂಡರೆ ಸಮಾಧಾನ. ಕಾಲವನ್ನೂ ನೋಡಬೇಕು: ಫ್ರಾನ್ಸಿನಲ್ಲಿ ಸಾಂ ಜಾಕ್ ಎಂಬ ಸ್ಕ್ಯಾಲಪ್ ಚಿಪ್ಪುಮೀನು ಹಿಡಿಯಲು ಅನುಮತಿಯಿರುವುದು ಅಕ್ಟೋಬರ್ 1ರಿಂದ ಮೇ 15ರವರೆಗೆ, ಆದ್ದರಿಂದ ಜೂನಿನಲ್ಲಿ ಅದು ತಾಜಾ ಎಂದು ಹೇಳಿದರೆ ಎಲ್ಲಿಯದೆಂದು ಕೇಳಬಹುದು. ಬ್ರಿಟನಿಯ ನೀಲಿ ಲಾಬ್‌ಸ್ಟರ್‌ಗೆ ಮಾತ್ರ ಬೇಸಿಗೆಯೇ ಸುಗ್ಗಿ. ಸಿಂಪಿಗಳಿಗೆ ಗಾತ್ರದ ಸಂಖ್ಯೆಯಿರುತ್ತದೆ, ಸಂಖ್ಯೆ ಚಿಕ್ಕದಾದಷ್ಟೂ ಸಿಂಪಿ ದೊಡ್ಡದು. ಬೇಸಿಗೆಯಲ್ಲಿ ಸಂತಾನದ ಕಾಲವಾದ್ದರಿಂದ ಅವು ಹಾಲುಹಾಲಾಗಿರುತ್ತವೆ, ಎಲ್ಲರಿಗೂ ಹಿಡಿಸುವುದಿಲ್ಲ.

ಬೆಲೆಯಲ್ಲಿ ಎಚ್ಚರ ಬೇಕಾದದ್ದು ಒಂದೇ ಕಡೆ. ಇಡೀ ಮೀನು ಮತ್ತು ಲಾಬ್‌ಸ್ಟರ್‌ಗಳ ಬೆಲೆಯನ್ನು ಅನೇಕ ಕಡೆ 100 ಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ. 12 ಯೂರೋ ಎಂದು ಓದಿ ನಿಶ್ಚಿಂತರಾದವರ ಮುಂದೆ 1.8 ಕಿಲೋ ತೂಗುವ ಟರ್ಬೊ ಬಂದರೆ ಅದೊಂದಕ್ಕೇ 216 ಯೂರೋ. ಮೀನನ್ನು ಬೇಯಿಸುವ ಮುನ್ನ ತಂದು ತೋರಿಸುವುದು ವಾಡಿಕೆ. ಆಗಲೇ ತೂಕ ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಉಳಿದಂತೆ, ಪಟ್ಟಿಯ ಬೆಲೆಯಲ್ಲಿ ತೆರಿಗೆ ಮತ್ತು ಸೇವಾ ಶುಲ್ಕ ಎರಡೂ ಸೇರಿರುತ್ತವೆ, ಮೇಲೆ ಕೊಡುವ ಭಕ್ಷೀಸು ನಮ್ಮ ಇಚ್ಛೆಗೆ ಬಿಟ್ಟದ್ದು. ಮೂರು ನಕ್ಷತ್ರದ ಕಡೆ ಒಬ್ಬರ ಊಟವೇ ಪಾನೀಯ ಬಿಟ್ಟು 200 ಯೂರೋ ಮೀರುವುದು ಸಾಮಾನ್ಯವಾದ್ದರಿಂದ, ನಕ್ಷತ್ರ ಬಿಟ್ಟುಕೊಟ್ಟ ನಮಗೆ ಟರ್ಬೊ ಅಷ್ಟೇನೂ ಭಾರವಾಗಿ ಕಾಣಲಿಲ್ಲ.

ಮೇಜು ಕಾಯ್ದಿರಿಸುವಾಗ ಕಿಟಕಿಯ ಪಕ್ಕವೆಂದು ಕೇಳಿದರೆ ‘ಪ್ರಯತ್ನಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಸಂದರ್ಭವೇನೆಂದು ತಿಳಿಸಿದರೆ ಪ್ರಯತ್ನಕ್ಕೆ ಸ್ವಲ್ಪ ಬಲ ಬರುತ್ತದೆ. ಹೊರಗಿನ ಜಗಲಿಯನ್ನು ನಾನು ಬೇಡವೆಂದೆ, ಏಕೆಂದರೆ ಕಡಲ ಗಾಳಿಗೆ ಬೆಣ್ಣೆಯ ಸಾಸ್ ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ, ಹಿರಿಯರಿಗೆ ಶಾಲು ಹೊದ್ದು ಉಣ್ಣುವುದು ಹಿತವಲ್ಲ. ಭಾನುವಾರ ರಾತ್ರಿ ಮತ್ತು ಸೋಮವಾರ ಬಹಳಷ್ಟು ಕಡೆ ರಜೆ. ಬಾರದಿದ್ದರೆ ದಂಡ ಹಿಡಿಯಲು ಕಾರ್ಡಿನ ವಿವರ ಕೇಳುತ್ತಾರೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸಿಹಿಗೆ ಸೂಫ್ಲೆ ಬೇಕಿದ್ದರೆ ಮಾತ್ರ ಊಟದ ಆರಂಭದಲ್ಲೇ ಹೇಳಿಬಿಡಬೇಕು: ಮೊಟ್ಟೆಯ ಬಿಳಿಯನ್ನು ನೊರೆ ಬರಿಸಿ ಆಗಿಂದಾಗಲೇ ಒಲೆಗಿಡುವ ಆ ತಿನಿಸು ಮುಂಚೆ ಮಾಡಿಟ್ಟರೆ ಕುಸಿದುಹೋಗುತ್ತದೆ. ಅತ್ತೆಯೂ ಮಾವನವರೂ ಒಂದೇ ಬಟ್ಟಲಿನಿಂದ ಹಂಚಿಕೊಳ್ಳಬಹುದಾದದ್ದು ಆ ಪಟ್ಟಿಯಲ್ಲಿ ಅದೊಂದೇ ಎಂದು ಕಂಡದ್ದರಿಂದ, ಮೇಜಿನ ಜೊತೆಗೇ ಅದನ್ನೂ ಹೇಳಿಟ್ಟಿದ್ದೇನೆ.