ನೆಗಡಿ ಮಾತ್ರೆ ನುಂಗಿದರೂ ಕಟ್ಟಿದ ಮೂಗು ಯಾಕೆ ಬಿಡಲ್ಲ?

ನಾನು ಫಾರ್ಮಸಿ ಓದಿದವಳು ಅಂತ ಗೊತ್ತಾದ ಕೂಡಲೇ ನೆಂಟರು, ಅಕ್ಕಪಕ್ಕದವರು ಎಲ್ಲರೂ ಕೇಳುವುದು ಇದನ್ನೇ. ಸೀನು ನಿಂತಿತು, ಮೈಕೈ ನೋವು ಹೋಯಿತು, ಮೂಗು ಮಾತ್ರ ಹಾಗೇ ಕಟ್ಟಿಕೊಂಡಿದೆ, ಯಾಕೆ?

ಮಾತ್ರೆಯ ಹಿಂದೆ ಬರೆದಿರುವುದನ್ನು ಒಮ್ಮೆ ಓದಿ. ಜ್ವರ, ನೋವಿಗೆ ಪ್ಯಾರಾಸಿಟಮಾಲ್ ಇರುತ್ತದೆ. ಸೀನಿಗೆ ಕ್ಲೋರ್‌ಫೆನಿರಮೈನ್, ನಿದ್ದೆ ಬರಿಸುವುದೂ ಅದೇ. ಮೂಗು ಬಿಡಿಸಲು ಅಂತ ಹಾಕುವುದು ಫಿನೈಲೆಫ್ರಿನ್. ನನ್ನ ತಕರಾರೆಲ್ಲ ಇದರ ಮೇಲೆ.

ಮೂಗು ಬರೀ ಸಿಂಬಳದಿಂದ ಕಟ್ಟುವುದಿಲ್ಲ. ಒಳಗಿನ ಸಣ್ಣ ರಕ್ತನಾಳಗಳು ರಕ್ತ ತುಂಬಿ ಉಬ್ಬುತ್ತವೆ, ಗಾಳಿಗೆ ದಾರಿ ಸಾಲುವುದಿಲ್ಲ. ಫಿನೈಲೆಫ್ರಿನ್ ಆ ನಾಳಗಳ ಗೋಡೆಯಲ್ಲಿರುವ ಆಲ್ಫಾ-1 ಗ್ರಾಹಕಗಳಿಗೆ (ರಿಸೆಪ್ಟರ್, ಅಂದರೆ ಔಷಧಿ ಬಂದು ಕೂರುವ ಜಾಗ) ಅಂಟಿಕೊಂಡರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ. ಈ ಶಕ್ತಿ ಅದಕ್ಕೆ ನಿಜವಾಗಿಯೂ ಇದೆ. ಸಿಸೇರಿಯನ್‌ಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ತಾಯಿಯ ಬಿಪಿ ಥಟ್ಟನೆ ಇಳಿಯುವುದುಂಟು, ಆಗ ಅರಿವಳಿಕೆ ಡಾಕ್ಟರು ಇದನ್ನೇ ನೇರವಾಗಿ ರಕ್ತಕ್ಕೆ 50ರಿಂದ 100 ಮೈಕ್ರೋಗ್ರಾಂ ಕೊಡುತ್ತಾರೆ, ಬೇಗನೆ ಬಿಪಿ ಮೇಲೇರುತ್ತದೆ. ಎಷ್ಟೋ ಮಾತ್ರೆಗಳಲ್ಲಿ ಇರುವುದು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ. ಅಂದರೆ ಕಡಿಮೆ ಅಂದರೂ ನೂರು ಪಟ್ಟು ಜಾಸ್ತಿ! ಆದರೂ ಮೂಗಿಗೆ ಏನೂ ಆಗಲ್ಲ.

ಕಾರಣ ಕರುಳಿನಲ್ಲಿದೆ. ಕರುಳಿನ ಗೋಡೆಯ ಕಿಣ್ವಗಳು ಅದಕ್ಕೆ ಸಲ್ಫೇಟ್ ಅಂಟಿಸಿ ಕೆಲಸಕ್ಕೆ ಬಾರದಂತೆ ಮಾಡುತ್ತವೆ. ದಾಟಿದ್ದರಲ್ಲೂ ಒಂದಷ್ಟನ್ನು ಎಂಎಒ ಎಂಬ ಇನ್ನೊಂದು ಕಿಣ್ವ ಒಡೆಯುತ್ತದೆ. ಹೀಗೆ ಸತ್ತುಹೋದ ಔಷಧಿ ಕಿಡ್ನಿ ಮೂಲಕ ಮೂತ್ರದಲ್ಲಿ ಹೋಗುತ್ತದೆ. ಮೂಗಿನ ತನಕ ಜೀವಂತವಾಗಿ ತಲುಪುವುದು ತೀರಾ ಅಲ್ಪ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಲಹೆ ಕೊಡುವ 16 ಮಂದಿ ತಜ್ಞರೂ, ಒಬ್ಬರೂ ಬಿಡದೆ, ನುಂಗುವ ಫಿನೈಲೆಫ್ರಿನ್ ಕಟ್ಟಿದ ಮೂಗಿಗೆ ಕೆಲಸ ಮಾಡುವುದಿಲ್ಲ ಅಂದರು. 2024ರ ನವೆಂಬರ್‌ನಲ್ಲಿ ಅದನ್ನು ಅಂಗಡಿಯ ನೆಗಡಿ ಔಷಧಿಗಳಿಂದ ತೆಗೆಯಲು ಎಫ್‌ಡಿಎ ಪ್ರಸ್ತಾಪವನ್ನೂ ಇಟ್ಟಿತು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಮಾತ್ರ ಇವತ್ತಿಗೂ ಕೇಳಿದ ಕೂಡಲೇ ಕೈಗೆ ಬರುತ್ತದೆ, ಕೆಲಸ ಮಾಡದ ಔಷಧಿಗೆ ಜನ ದುಡ್ಡು ಕೊಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಮೂಗಿಗೆ ಹಾಕುವ ಡ್ರಾಪ್ಸ್? ಆಕ್ಸಿಮೆಟಾಜೋಲಿನ್, ಕ್ಸೈಲೋಮೆಟಾಜೋಲಿನ್ ಡ್ರಾಪ್ಸ್ ಕರುಳಿನ ಗೊಡವೆ ಇಲ್ಲದೆ ನೇರ ಮೂಗಿನ ನಾಳಕ್ಕೇ ಬೀಳುತ್ತವೆ, ನಿಮಿಷಗಳಲ್ಲಿ ಉಸಿರು ಸರಾಗ. ಆದರೆ ಮೂರು ದಿನದ ಮೇಲೆ ಮುಂದುವರಿಸಬೇಡಿ. ಜಾಸ್ತಿ ದಿನ ಹಾಕಿದರೆ ಔಷಧಿಯ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಉಬ್ಬಿ, ಡ್ರಾಪ್ಸ್ ಇಲ್ಲದೆ ಮೂಗೇ ಬಿಡುವುದಿಲ್ಲ ಅನ್ನುವ ಸ್ಥಿತಿ ಬರುತ್ತದೆ. ಬರೀ ಉಪ್ಪುನೀರಿನ ಸಲೈನ್ ಡ್ರಾಪ್ಸ್‌ಗೆ ಆ ಕಾಟವಿಲ್ಲ.

ಮಾತ್ರೆ ಮೂಗಿಗೆ ತಲುಪಲ್ಲ ಅಂದಮೇಲೆ ಎರಡೆರಡು ನುಂಗಿದರೆ ಆಯಿತಲ್ವಾ ಅಂತಲೂ ಕೇಳುತ್ತಾರೆ. ಬೇಡವೇ ಬೇಡ. ಅದರ ಜೊತೆಗಿರುವ ಪ್ಯಾರಾಸಿಟಮಾಲ್ ಕೂಡ ಎರಡು ಪಟ್ಟಾಗುತ್ತದೆ, ಅತಿಯಾದರೆ ಲಿವರ್‌ಗೆ ಪೆಟ್ಟು. ಬಿಪಿ ಇರುವವರು, ಎಂಎಒ ತಡೆಯುವ ಖಿನ್ನತೆಯ ಔಷಧಿ ತಗೊಳ್ಳುವವರು ಡಾಕ್ಟರನ್ನು ಕೇಳದೆ ಒಂದನ್ನೂ ತಗೊಳ್ಳಬಾರದು. ಇನ್ನು ಮಕ್ಕಳ ವಿಷಯ. ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಸೇರಿದ ಸಿರಪ್‌ಗಳನ್ನು 4 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದು ಅಂತ ನಮ್ಮ ದೇಶದ ಔಷಧ ನಿಯಂತ್ರಕರೇ 2023ರಲ್ಲಿ ಹೇಳಿದ್ದಾರೆ. ಮನೆಯಲ್ಲಿ ಹಳೆಯ ಬಾಟಲಿ ಇದ್ದರೆ ಲೇಬಲ್ ಓದಿ ನೋಡಿ.