ಖಾಲಾ ಓದಿಸಿದ ಕಾಗದ

ಭೋಪಾಲಕ್ಕೆ ಹೋಗಿದ್ದು ಸಾಂಚಿ, ಭೀಮಬೆಟ್ಕಾ ನೋಡೋಕೆ. ಎರಡೂ ಚೆನ್ನಾಗಿವೆ. ಅಲ್ಲಿನವರು ಹೊಗಳುವ ಪೋಹಾ-ಜಲೇಬಿ ನನಗೆ ಹಿಡಿಸಲಿಲ್ಲ, ನಮ್ಮ ಒಗ್ಗರಣೆ ಅವಲಕ್ಕಿಯೇ ವಾಸಿ. ಆದರೆ ಬರೆಯೋಕೆ ಕೂತಿದ್ದು ಮೂರನೇ ದಿನದ ಮಧ್ಯಾಹ್ನದ ಬಗ್ಗೆ.

ಯೂನಿಯನ್ ಕಾರ್ಬೈಡ್ ಕಾರ್ಖಾನೆ ನೋಡಬೇಕೆಂದು ಆಟೋ ಹತ್ತಿದೆ. ಗೇಟಿನಲ್ಲಿ ಕಾವಲುಗಾರ ಒಳಗೆ ಬಿಡಲಿಲ್ಲ. "ಸುಮ್ನೆ ಹೋಗಿ, ಬಿಡ್ತಾರೆ" ಅಂತ ಹೋಟೆಲಿನವರು ಹೇಳಿದ್ದನ್ನು ನಂಬಿ ಅರ್ಧ ದಿನ ಹಾಳಾಯಿತು. ನೀವು ಹೋಗುವುದಾದರೆ ಅನುಮತಿ ಪತ್ರ ಕೈಯಲ್ಲಿ ಹಿಡಿದೇ ಹೊರಡಿ.

ರಸ್ತೆ ದಾಟಿದರೆ ಜೆ.ಪಿ. ನಗರ. 1984ರ ಡಿಸೆಂಬರ್ 2ರ ನಡುರಾತ್ರಿ ಆ ಕಾರ್ಖಾನೆಯಿಂದ ಸೋರಿದ ವಿಷಾನಿಲ ನುಗ್ಗಿದ್ದು ಇಂಥ ಗಲ್ಲಿಗಳಿಗೇ. ಮಗುವನ್ನು ಎತ್ತಿಕೊಂಡು ಮುಖ ಮುಚ್ಚಿಕೊಂಡ ತಾಯಿಯ ಪ್ರತಿಮೆ ಅಲ್ಲಿದೆ. ಅದರ ಹತ್ತಿರ ಕೂತಿದ್ದ ಅಜ್ಜಿಯೊಬ್ಬರು "ಎಲ್ಲಿಂದ ಬಂದೆ ಬೇಟಾ?" ಅಂದರು. ಬೆಂಗಳೂರು ಅಂದೆ. ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಮಾತಿನ ನಡುವೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದರು. ಅಳುತ್ತಿಲ್ಲ, ಅವತ್ತಿನಿಂದ ನೀರು ನಿಂತಿಲ್ಲ, ಅಷ್ಟೆ.

"ಖಾಲಾ, ನೀವು ಕಂಪನಿ ಮೇಲೆ ಕೇಸು ಹಾಕಲಿಲ್ವಾ?" ಅಂತ ಕೇಳಿದೆ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ.

"ನಾವು ಹಾಕೋ ಹಾಗಿರಲಿಲ್ಲ. ಸರ್ಕಾರವೇ ಹಾಕಿತು, ಸರ್ಕಾರವೇ ಮುಗಿಸಿತು. ನಮ್ಮನ್ನ ಯಾರು ಕೇಳಿದರು?"

ಅವರು ಹೇಳಿದ್ದು ನಿಜ. 1985ರಲ್ಲಿ ಒಂದು ಕಾನೂನು ತಂದು, ಸಂತ್ರಸ್ತರೆಲ್ಲರ ಪರವಾಗಿ ವಾದಿಸುವ ಹಕ್ಕನ್ನು ಕೇಂದ್ರ ಸರ್ಕಾರ ತಾನೇ ಇಟ್ಟುಕೊಂಡಿತು. ಅಮೆರಿಕದ ಕಂಪನಿ ಅಂತ ನ್ಯೂಯಾರ್ಕ್ ಕೋರ್ಟಿಗೆ ಹೋದರೆ, 1986ರಲ್ಲಿ ಆ ಜಡ್ಜ್ ಇದನ್ನು ಭಾರತದಲ್ಲೇ ನಡೆಸಿ ಎಂದರು. ಸರ್ಕಾರ ಕೇಳಿದ್ದು 330 ಕೋಟಿ ಡಾಲರ್. 1989ರಲ್ಲಿ ರಾಜಿಯಾಗಿದ್ದು 47 ಕೋಟಿಗೆ. ಕಂಪನಿಯ ಮುಖ್ಯಸ್ಥ ವಾರೆನ್ ಆಂಡರ್ಸನ್ ಭೋಪಾಲದಲ್ಲಿ ಬಂಧನವಾದ ದಿನವೇ ಜಾಮೀನು ಪಡೆದು ಸರ್ಕಾರಿ ವಿಮಾನದಲ್ಲಿ ದೆಹಲಿಗೆ ಹೋದರು. ಆಮೇಲೆ ಅವರನ್ನು ಒಪ್ಪಿಸಿ ಅಂತ ಭಾರತ ಕೇಳಿದಾಗ ಅಮೆರಿಕ ಸರ್ಕಾರ ಆಗಲ್ಲ ಎಂದಿತು. ಹೊರದೇಶದಲ್ಲಿ ಜನ ಸತ್ತರೆ ಆ ಕಂಪನಿಯ ತವರು ಸರ್ಕಾರಕ್ಕೆ ಏನೂ ಸಂಬಂಧವಿಲ್ಲವೇ? ನನಗೆ ಇದು ಇವತ್ತಿಗೂ ಅರಗುವುದಿಲ್ಲ. ನಮ್ಮ ಸರ್ಕಾರ ಅಷ್ಟು ಕಡಿಮೆಗೆ ಒಪ್ಪಿದ್ದು ಇನ್ನೂ ಜಾಸ್ತಿ ನೋವು ಕೊಡುತ್ತದೆ. ಹೆಚ್ಚು ಹಣ ಬೇಕೆಂದು ಅದೇ ಸರ್ಕಾರ ಹಾಕಿದ ಅರ್ಜಿಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕಾರ್ಖಾನೆಯೊಳಗಿದ್ದ 337 ಟನ್ ವಿಷದ ಕಸ ಅಲ್ಲಿಂದ ಹೊರಟಿದ್ದೇ 2025ರ ಜನವರಿಯಲ್ಲಿ.

ಖಾಲಾ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿದರು. ಆಸ್ಪತ್ರೆ ಚೀಟಿಗಳ ಕೆಳಗೆ, ಮಡಿಕೆಗಳಲ್ಲಿ ಹರಿದು ಟೇಪ್ ಅಂಟಿಸಿದ ಪರಿಹಾರದ ಆದೇಶ. "ಓದು" ಎಂದರು.

25,000 ರೂಪಾಯಿ. ಅದರಲ್ಲೂ ಮೊದಲು ತಿಂಗಳಿಗೆ 200ರಂತೆ ಕೊಟ್ಟಿದ್ದನ್ನು ಮುರಿದುಕೊಂಡಿದ್ದರು.

"ನಿಮಗೆ ಇದು ಗೊತ್ತೇ ಇದೆಯಲ್ವಾ ಖಾಲಾ?"

"ಗೊತ್ತು. ಓದು ಬಲ್ಲವರು ಬಂದರೆ ಎಲ್ಲರ ಹತ್ತಿರವೂ ಓದಿಸ್ತೀನಿ. ಯಾರಾದರೂ ಬೇರೆ ಏನಾದರೂ ಓದಿಯಾರಾ ಅಂತ."

ನಾನು ಇನ್ನೊಂದು ಸಲ, ಮೊದಲಿಂದ ಕೊನೆಯವರೆಗೆ, ನಿಧಾನವಾಗಿ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಅದೇ 25,000.